ತಮ್ಮನ ಜೊತೆ ಕ್ವಾರಿ ಕೆರೆಗೆ

ಮೊದಲು ಊದಿಕೊಂಡದ್ದು ಪಾದ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತು ಗೆರೆ ಬಿದ್ದಿರುತ್ತಿತ್ತು. ಜೆ.ಪಿ. ನಗರದಲ್ಲಿ ನಮ್ಮದೊಂದು ಸಣ್ಣ ಕಾಂಡಿಮೆಂಟ್ಸ್ ಅಂಗಡಿ ಇದೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಖಾರದ ಅವಲಕ್ಕಿ. ಯಜಮಾನರು ಗಲ್ಲಾ ಹತ್ತಿರ ಕೂತರೆ ನಾನು ದಿನವಿಡೀ ನಿಂತು ತೂಗಿ ಕೊಡುವವಳು. ನಿಂತು ನಿಂತು ಊದಿದೆ ಎಂದುಕೊಂಡೆ. ಬೆಳಿಗ್ಗೆ ಎದ್ದರೆ ಹೊಟ್ಟೆ ತೊಳಸುತ್ತಿತ್ತು, ಅದನ್ನು ಪಿತ್ತ ಎಂದು ತಳ್ಳಿಹಾಕಿದೆ. ಮುಖ ದಪ್ಪಗಾದಾಗ ಪಕ್ಕದ ಹೂವಿನಂಗಡಿಯವಳು, "ಏನಕ್ಕ, ಚೆನ್ನಾಗಿ ಮೈ ಹಿಡಿದಿದ್ದೀರ" ಎಂದಳು. ನಾನು ಖುಷಿಪಟ್ಟೆ.

ಕೊನೆಗೆ ಒಂದು ದಿನ ಮದುವೆಯ ಉಂಗುರ ಬೆರಳಿನಿಂದ ಬರಲೇ ಇಲ್ಲ. ಸೋಪು ಹಚ್ಚಿದೆ, ಎಣ್ಣೆ ಹಚ್ಚಿದೆ. ಯಜಮಾನರು ಹೆದರಿ ಜಯನಗರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ರಕ್ತ ಕೊಟ್ಟು ಬಂದು, ಮಾರನೆಯ ದಿನ ರಿಪೋರ್ಟ್ ಹಿಡಿದು ಡಾಕ್ಟರ ಮುಂದೆ ಕೂತೆವು. ಅವರು ಅದನ್ನು ಒಂದು ಸಲ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಂದು ಸಲ ನೋಡಿದರು.

"ಅಮ್ಮಾ, ಎರಡೂ ಕಿಡ್ನಿ ತುಂಬಾ ಸೋತುಹೋಗಿವೆ. ಬಿ.ಪಿ. ಎಷ್ಟು ವರ್ಷದಿಂದ ಇದೆ?"

"ಬಿ.ಪಿ. ಇಲ್ಲ ಸಾರ್."

"ಯಾವಾಗಾದ್ರೂ ಚೆಕ್ ಮಾಡಿಸಿದ್ದೀರಾ?"

ನಾನು ಯಜಮಾನರ ಮುಖ ನೋಡಿದೆ. ಅವರು ಮೇಜಿನ ಮೇಲಿದ್ದ ಪೆನ್ನಿನ ಡಬ್ಬಿ ನೋಡುತ್ತಿದ್ದರು.

ವಾಪಸು ಬರುವಾಗ ದಾರಿಯಲ್ಲಿ ಅವರು ಆಟೋ ನಿಲ್ಲಿಸಿ ನನಗೆ ಒಂದು ಎಳನೀರು ಕೊಡಿಸಿದರು. ಗಂಜಿಯಂಥ ತಿರುಳಿನ ಎಳೆಯ ಕಾಯಿ, ತುಂಬಾ ಸಿಹಿ ಇತ್ತು. ನನ್ನಂಥ ರೋಗಿಗಳಿಗೆ ಎಳನೀರು ಕೂಡದು ಎಂದು ಮುಂದಿನ ವಾರ ಗೊತ್ತಾಯಿತು. ಪಾಪ, ಆ ಮನುಷ್ಯ ಅದನ್ನು ಇವತ್ತಿಗೂ ಮರೆತಿಲ್ಲ. "ನಾನೇ ಕುಡಿಸಿದ್ನಲ್ಲೇ" ಎಂದು ಆಗಾಗ ಹೇಳುತ್ತಾರೆ. ಅವತ್ತು ನನಗೆ ಕುಡಿಯಲು ಸಿಕ್ಕ ಕೊನೆಯ ಎಳನೀರು ಅದು ಎಂದು ನಾನು ನೆನೆಸಿಕೊಳ್ಳುತ್ತೇನೆ. ಅವರ ಮೇಲೆ ನನಗೆ ಕೋಪವಿಲ್ಲ.

ಆಮೇಲೆ ಡಯಾಲಿಸಿಸ್ ಶುರುವಾಯಿತು. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ. ಅದೇ ಆಸ್ಪತ್ರೆಯ ಮೊದಲ ಮಹಡಿ. ಹೊರಗೆ ಕಾಯುವ ಜಾಗದಲ್ಲಿ ಒಂದಕ್ಕೊಂದು ಅಂಟಿಕೊಂಡ ಸ್ಟೀಲ್ ಕುರ್ಚಿಗಳು. ಎಲ್ಲರ ಕೈಯಲ್ಲೂ ಒಂದೊಂದು ಚೀಲ, ಅದರಲ್ಲಿ ಹೊದಿಕೆ, ಉಣ್ಣೆ ಟೋಪಿ, ಸಾಕ್ಸು. ಮೆಷಿನ್‌ನಲ್ಲಿ ರಕ್ತ ಸುತ್ತಿ ಬರುವಾಗ ಮೈ ತಣ್ಣಗಾಗುತ್ತದೆ. ಮೊದಲ ದಿನ ನಾನು ಬರಿಗೈಯಲ್ಲಿ ಹೋಗಿ ಸೀರೆಯ ಸೆರಗನ್ನೇ ಹೊದ್ದು ನಡುಗಿದೆ. ಪಕ್ಕದ ಹಾಸಿಗೆಯಲ್ಲಿದ್ದ ಹುಡುಗಿ ತನ್ನ ಶಾಲನ್ನು ನರ್ಸ್ ಕೈಲಿ ಕಳಿಸಿದಳು. ಅವಳು ಶೈಲಾ, ಬಾಗಲಕೋಟೆ ಕಡೆಯವಳು, ಬಿ.ಟಿ.ಎಂ.ನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಒಂದು ಆಫೀಸಿನಲ್ಲಿ ಕೆಲಸ ಮಾಡುವವಳು. ಬೆಳಿಗ್ಗೆ ಡಯಾಲಿಸಿಸ್ ಮುಗಿಸಿ ಮಧ್ಯಾಹ್ನ ಕೆಲಸಕ್ಕೆ ಹೋಗುತ್ತಾಳೆ.

ಸೂಜಿಗೆ ಹೇಗೋ ಒಗ್ಗಿಕೊಂಡೆ. ಸೂಜಿ ಚುಚ್ಚಲು ಎಡಗೈಯ ರಕ್ತನಾಳಗಳನ್ನು ಆಪರೇಷನ್ ಮಾಡಿ ಜೋಡಿಸಿ ಫಿಸ್ಟುಲಾ ಎಂದು ಮಾಡುತ್ತಾರೆ. ಅಲ್ಲಿ ಕೈಯಿಟ್ಟರೆ ಬೆಕ್ಕು ಗುರುಗುಟ್ಟಿದಂತೆ ಇರುತ್ತದೆ. ಅದಕ್ಕೂ ಒಗ್ಗಿಕೊಂಡೆ. ಉಪ್ಪಿನ ತಿಂಡಿಯ ಅಂಗಡಿಯಲ್ಲಿ ಕೂತು ಉಪ್ಪು ಬಿಟ್ಟೆ. ಗಿರಾಕಿಗಳು "ರುಚಿ ಹೆಂಗಿದೆ ಆಂಟಿ ಇವತ್ತಿನ ನಿಪ್ಪಟ್ಟು?" ಎಂದರೆ ಯಜಮಾನರ ಕಡೆ ತೋರಿಸುತ್ತೇನೆ. ಒಗ್ಗದೆ ಉಳಿದದ್ದು ಬಾಯಾರಿಕೆ ಒಂದೇ. ದಿನಕ್ಕೆ ಇಷ್ಟೇ ಎಂದು ನೀರು ಕಟ್ಟಿಬಿಟ್ಟಿದ್ದರು. ಕಾಫಿ, ಸಾರು, ಮಾತ್ರೆ ನುಂಗುವ ಗುಟುಕು, ಎಲ್ಲ ಅದರಲ್ಲೇ ಸೇರಬೇಕು. ಜಾಸ್ತಿ ಕುಡಿದರೆ ಮಾರನೆಯ ದಿನ ತೂಕದ ಮೆಷಿನ್ ಚಾಡಿ ಹೇಳುತ್ತದೆ, ಉಸಿರು ಕಟ್ಟುತ್ತದೆ. ಕಾಯುವ ಜಾಗದ ಮೂಲೆಯಲ್ಲಿ ಒಂದು ನೀರಿನ ಕ್ಯಾನ್ ಇತ್ತು. ಯಾರಾದರೂ ಲೋಟ ಹಿಡಿದರೆ ಅದರೊಳಗಿಂದ ದೊಡ್ಡ ಗುಳ್ಳೆ ಎದ್ದು ಬುಳ್ ಎನ್ನುತ್ತಿತ್ತು. ನಾನು ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದೆ.

ಶೈಲಾ ಅದನ್ನು ಗಮನಿಸಿದ್ದಳು. "ಅಕ್ಕಾರ, ಒಂದ್ ಲವಂಗ ಬಾಯಾಗ ಇಟ್ಕೊಳ್ರಿ. ನೀರಡಿಕಿ ಸ್ವಲ್ಪ ಕಡಿಮಿ ಆಗ್ತೈತಿ" ಎಂದು ಒಂದು ಪುಟ್ಟ ಡಬ್ಬಿಯನ್ನೇ ನನ್ನ ಕೈಗಿಟ್ಟಳು. ಸ್ವಲ್ಪ ಕಡಿಮೆಯಾಯಿತು ಕೂಡ.

ಆದರೆ ಕಣ್ಣು ಮುಚ್ಚಿದರೆ ನೀರೇ ಕಾಣುತ್ತಿತ್ತು. ಅದೂ ಎಲ್ಲಿಯದೋ ನೀರಲ್ಲ, ನಮ್ಮೂರ ಕ್ವಾರಿಯ ನೀರು.

ನಮ್ಮೂರು ಎಂದರೆ ಈಗ ಯಾರಿಗೂ ಗೊತ್ತಾಗುವುದಿಲ್ಲ. ಅಂಜನಾಪುರದ ಈಚೆಗೆ ಒಂದು ಸಣ್ಣ ಹಳ್ಳಿ. ಈಗ ಅದು ಯಾವುದೋ ಲೇಔಟಿನ ಯಾವುದೋ ಬ್ಲಾಕು. ಅಪ್ಪನ ರಾಗಿ ಹೊಲ, ಅದರಂಚಿಗೆ ಅಮ್ಮ ಹಾಕಿದ್ದ ಕನಕಾಂಬರದ ಪಾತಿ, ಅದರಾಚೆಗೆ ಕ್ವಾರಿ. ಜಯನಗರ, ಜೆ.ಪಿ. ನಗರದ ಎಷ್ಟೋ ಮನೆಗಳ ಪಾಯಕ್ಕೆ ಕಲ್ಲು, ಜಲ್ಲಿ ಹೋದದ್ದು ಅಲ್ಲಿಂದಲೇ. ಬಂಡೆ ಸಿಡಿಸುವ ಮುಂಚೆ ಒಬ್ಬ ಕೆಂಪು ಬಟ್ಟೆ ಬೀಸಿ ಕೂಗುತ್ತಿದ್ದ. ಆ ಕೂಗು ಕೇಳಿದ ಕೂಡಲೇ ಅಮ್ಮ ಅಟ್ಟಣಿಗೆಯ ಮೇಲಿನ ಮಡಿಕೆಗಳನ್ನು ಕೆಳಗಿಳಿಸುತ್ತಿದ್ದಳು. ಆಮೇಲೆ ಒಂದು ವರ್ಷ ಆಳದಲ್ಲಿ ಒರತೆ ಒಡೆಯಿತು. ಪಂಪು ಹಾಕಿ ಎಷ್ಟು ಎಳೆದರೂ ನೀರು ನಿಲ್ಲಲಿಲ್ಲ. ಕಂಟ್ರಾಕ್ಟರು ಮೆಷಿನ್ನುಗಳನ್ನು ಲಾರಿಗೆ ಹೇರಿಕೊಂಡು ಬೇರೆ ಬಂಡೆ ಹುಡುಕಿಕೊಂಡು ಹೋದ. ಹೊಂಡ ನಮಗೆ ಉಳಿಯಿತು.

ಮೊದಮೊದಲು ನೀರು ಸುಣ್ಣ ಕದಡಿದಂತೆ ಬೆಳ್ಳಗಿತ್ತು. ಎರಡು ಮಳೆ ಬಿದ್ದ ಮೇಲೆ ಹಸಿರಾಗಿ, ಆಮೇಲೆ ನೀಲಿಗಪ್ಪಾಯಿತು. ನೀರಿನ ಪಕ್ಕದಲ್ಲಿರುವ ಮಕ್ಕಳಿಗೆ ಈಜು ಬರಬೇಕು ಎಂದು ಅಪ್ಪ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದ. ಹುಡುಗಿ ಎಂದು ಬಿಡಲಿಲ್ಲ. ನನ್ನ ಲಂಗ ನೀರಿನ ಮೇಲೆ ಛತ್ರಿಯ ಹಾಗೆ ಉಬ್ಬಿಕೊಳ್ಳುತ್ತಿತ್ತು. ನಾನು ಕಲಿತ ಮೇಲೆ ತಮ್ಮ ಮುನಿರಾಜುಗೆ ಕಲಿಸಿದೆ. ಅವನು ನನಗಿಂತ ತುಂಬಾ ಚಿಕ್ಕವನು, ಮಹಾ ಪುಕ್ಕಲ. ಲಾರಿಯ ಹಳೆಯ ಟ್ಯೂಬ್ ಹಿಡಿದು ಅಂಚಿನಲ್ಲೇ ಒದ್ದಾಡುತ್ತಿದ್ದ. ಬಾಯಾರಿದರೆ ದಡಕ್ಕೆ ಬರುವ ಅಗತ್ಯವಿರಲಿಲ್ಲ, ಈಜುತ್ತಲೇ ಕುಡಿಯುತ್ತಿದ್ದೆವು. ತಂಪು, ಸಿಹಿ, ಸ್ವಲ್ಪ ಕಲ್ಲಿನ ವಾಸನೆ. ನಾನು ದೊಡ್ಡವಳಾದ ವರ್ಷ ಅಮ್ಮ, "ಇನ್ಮೇಲೆ ಆ ಕಡೆ ಹೋಗ್ಬೇಡ" ಎಂದಳು. ಅಲ್ಲಿಗೆ ನನ್ನ ಈಜು ಮುಗಿಯಿತು. ಮಧ್ಯಾಹ್ನಗಳಲ್ಲಿ ಅಡಿಗೆಮನೆಯಲ್ಲಿ ಅವರೆಕಾಳು ಸುಲಿಯುತ್ತಾ ಕೂತರೆ ಹೊಲದಾಚೆಯಿಂದ ಹುಡುಗರು ಧುಮುಕುವ ಸದ್ದು ಕೇಳುತ್ತಿತ್ತು.

ಡಾಕ್ಟರು ಕಿಡ್ನಿ ಬದಲಾಯಿಸುವ ಮಾತು ಎತ್ತಿದ ದಿನ ಮುನಿರಾಜು ಕಾಯುವ ಜಾಗದಲ್ಲೇ ಇದ್ದ. ಕನಕಪುರ ರಸ್ತೆಯಲ್ಲಿ ಅವನದು ಮೋಟಾರ್ ರಿವೈಂಡಿಂಗ್ ಅಂಗಡಿ. ಕೈಗೆ ಹತ್ತಿದ್ದ ಗ್ರೀಸ್ ಕೂಡ ತೊಳೆಯದೆ ಬಂದಿದ್ದ.

"ನಂದು ತಗೊಳ್ಳಿ ಸಾರ್" ಎಂದ.

"ಟೆಸ್ಟ್ ಎಲ್ಲಾ ಆಗ್ಬೇಕಪ್ಪ. ಮನೇಲಿ ಮಾತಾಡ್ಕೊಂಡು ಬನ್ನಿ" ಎಂದರು ಡಾಕ್ಟರು.

"ಮಾತಾಡೋದೇನಿದೆ ಸಾರ್. ನಮ್ಮಕ್ಕ."

ಅವನ ಹೆಂಡತಿ ಸುಮಿತ್ರ ಮರುದಿನ ನಮ್ಮ ಮನೆಗೆ ಬಂದು ಅಡಿಗೆಮನೆಯಲ್ಲಿ ನಿಂತು ಅತ್ತಳು. "ಅತ್ತಿಗೆ, ನಾನು ಬೇಡ ಅನ್ನಲ್ಲ. ಭಯ ಆಗುತ್ತೆ ಅಷ್ಟೆ" ಎಂದಳು. ನನಗೂ ಭಯವೇ. ಬೇಡ ಎನ್ನಬೇಕು ಎಂದು ಬಾಯಿ ತೆರೆದೆ. ಬದುಕುವ ಆಸೆ ಎಷ್ಟು ಗಟ್ಟಿ ಎಂದು ನನಗೆ ಗೊತ್ತಾದದ್ದು ಆಗ. ಬೇಡ ಎನ್ನಲಿಲ್ಲ. ಅವಳ ಕೈ ಹಿಡಿದುಕೊಂಡು ನಿಂತೆ.

ಟೆಸ್ಟುಗಳಾದವು. ಒಂದು ಸಂಜೆ ಮುನಿರಾಜು ಫೋನ್ ಮಾಡಿ, "ಆಗಲ್ವಂತೆ ಅಕ್ಕ. ಶುಗರ್ ಇದೆಯಂತೆ ನಂಗೆ" ಎಂದ. "ಹೋಗ್ಲಿ ಬಿಡೋ" ಎಂದೆ. ಇನ್ನೇನು ಹೇಳಲಿ? ಯಜಮಾನರ ರಕ್ತದ ಗುಂಪು ಹೊಂದುವುದಿಲ್ಲ ಎಂದು ಮೊದಲೇ ಗೊತ್ತಿತ್ತು. ಸತ್ತವರ ಕಿಡ್ನಿಗಾಗಿ ಹೆಸರು ಬರೆಸಿ ಕಾಯಬೇಕು, ಅಲ್ಲಿಯವರೆಗೆ ಮೆಷಿನ್ನು. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೆ. ಆದರೆ ಅವತ್ತಿನಿಂದ ತಮ್ಮ ಬರುವುದನ್ನೇ ನಿಲ್ಲಿಸಿದ. ಫೋನ್ ಮಾಡಿದರೆ ಸುಮಿತ್ರ ಎತ್ತುತ್ತಾಳೆ. "ಅವ್ರು ಯಾವ್ದೋ ಬೋರ್‌ವೆಲ್ ಹತ್ರ ಹೋಗಿದ್ದಾರೆ ಅತ್ತಿಗೆ." ಗೌರಿ ಹಬ್ಬಕ್ಕೆ ಬಾಗಿನವನ್ನು ಅವಳ ಕೈಲೇ ಕಳಿಸಿದ. ತವರು ಎಂದು ನನಗಿದ್ದದ್ದು ಅವನೊಬ್ಬನೇ. ಮೆಷಿನ್ನಿನ ನೋವಿಗಿಂತ ಅದು ಹೆಚ್ಚು ಕಾಡಿತು. ಕೊಡಲಾಗಲಿಲ್ಲ ಎಂಬ ನಾಚಿಕೆಯಿಂದ ತಪ್ಪಿಸಿಕೊಂಡು ತಿರುಗುತ್ತಿದ್ದಾನೆ ಎಂದು ನಾನಂದುಕೊಂಡೆ.

ಒಂದು ಶುಕ್ರವಾರ ಹಾಸಿಗೆಯಲ್ಲಿದ್ದಾಗ ಬಿ.ಪಿ. ಇದ್ದಕ್ಕಿದ್ದಂತೆ ಬಿದ್ದುಹೋಯಿತು. ಕಾಲಿನ ಮೀನಖಂಡ ಕಲ್ಲಾಯಿತು. ಕಣ್ಣ ಮುಂದೆ ಕತ್ತಲೆ ಬರುತ್ತಾ, ನರ್ಸ್ ಹಾಸಿಗೆಯ ಕಾಲಿನ ಕಡೆ ಎತ್ತುತ್ತಿದ್ದದ್ದು ಮಸುಕಾಗಿ ಗೊತ್ತಾಯಿತು, ಶೈಲಾ "ಅಕ್ಕಾರ, ಅಕ್ಕಾರ, ನನ್ನ ಕಡೆ ನೋಡ್ರಿ" ಎನ್ನುತ್ತಿದ್ದದ್ದು ದೂರದಿಂದ ಕೇಳಿಸಿತು. ಕಣ್ಣು ಬಿಟ್ಟಾಗ ಬೆವರಿನಲ್ಲಿ ತೊಯ್ದಿದ್ದೆ. ಹೀಗೇ ಹೋಗಿಬಿಟ್ಟರೆ ತಮ್ಮನ ಮುಖ ನೋಡದೆ ಹೋಗುತ್ತೇನೆ ಎನ್ನಿಸಿತು. ಅವತ್ತು ಸಂಜೆ ಅವನ ಅಂಗಡಿಯ ಪಕ್ಕದ ಬೇಕರಿಗೆ ಫೋನ್ ಮಾಡಿ ಅವನನ್ನು ಕರೆಸಿದೆ.

"ಭಾನುವಾರ ನನ್ನನ್ನ ಕ್ವಾರಿ ಹತ್ರ ಕರ್ಕೊಂಡು ಹೋಗು" ಎಂದೆ.

"ಅಲ್ಲೇನಿದೆ ಅಕ್ಕ ಈಗ. ಹಕ್ಕಿ ಪಾರ್ಕ್ ಮಾಡಿದ್ದಾರೆ."

"ಅದನ್ನೇ ನೋಡ್ಬೇಕು."

"ಸರಿ, ಬರ್ತೀನಿ" ಎಂದ.

ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಬಂದ. ತುಂಬಾ ಇಳಿದುಹೋಗಿದ್ದ. ಶರಟಿನ ಕಾಲರಿನೊಳಗೆ ಕತ್ತು ಸಣ್ಣಗೆ ಕಾಣುತ್ತಿತ್ತು. ನಾನು ಹಿಂದೆ ಒಂದು ಪಕ್ಕಕ್ಕೆ ಕೂತು ಬಲಗೈಯಿಂದ ಅವನ ಹೆಗಲು ಹಿಡಿದೆ. ಮೆಟ್ರೋ ಕಂಬಗಳ ಕೆಳಗೆ ಸಾಗುವಾಗ ಹಂಪ್ ಬಂದಾಗಲೆಲ್ಲ ನಿಧಾನ ಮಾಡಿ, "ಗಟ್ಟಿ ಹಿಡ್ಕೊ" ಎನ್ನುತ್ತಿದ್ದ ಅಷ್ಟೆ.

ಕ್ವಾರಿಯನ್ನು ನಾನು ಕೊನೆಯ ಸಲ ನೋಡಿದ್ದಾಗ ಅದು ನೋಡುವ ಹಾಗಿರಲಿಲ್ಲ. ಹೊಲಗಳೆಲ್ಲ ಸೈಟುಗಳಾದ ಮೇಲೆ ಮನೆ ಕೆಡವಿದ ಮಣ್ಣು, ಕೋಳಿ ಅಂಗಡಿಯ ಪುಕ್ಕ, ಪ್ಲಾಸ್ಟಿಕ್ಕು ಎಲ್ಲ ಅಲ್ಲಿಗೇ ಬರುತ್ತಿತ್ತು. ಮೂಗು ಮುಚ್ಚಿಕೊಂಡು ದಾಟಿದ್ದೆ. ಆಮೇಲೆ ಸುತ್ತಮುತ್ತಲಿನ ಮನೆಯವರು ಸೇರಿ ಓಡಾಡಿ, ಕಸ ತೆಗೆಸಿ, ಕೊಳಚೆ ನೀರು ಬರುವ ದಾರಿ ತಪ್ಪಿಸಿದರಂತೆ. ಅಕ್ಕಪಕ್ಕದ ಸಣ್ಣ ಹೊಂಡಗಳನ್ನೂ ಸೇರಿಸಿ, ಜೊಂಡು ನೆಟ್ಟು, ನಡುವೆ ಮಣ್ಣಿನ ದಿಬ್ಬಗಳನ್ನು ಮಾಡಿ, ಹಕ್ಕಿಗಳಿಗೆ ಎಂದು ಬಿಟ್ಟುಬಿಟ್ಟಿದ್ದಾರೆ. ಸುತ್ತ ತಂತಿ ಬೇಲಿ, ಒಳಗೆ ಮಣ್ಣಿನ ದಾರಿ, ಗೇಟಿನಲ್ಲಿ ಒಬ್ಬ ಕಾವಲುಗಾರ.

ಒಳಗೆ ಕಾಲಿಟ್ಟ ಕೂಡಲೇ ವಾಸನೆ ಬಂತು. ಅದೇ ವಾಸನೆ, ತಂಪು ನೀರು ಮತ್ತು ಕಲ್ಲು. ನಾನು ಅಲ್ಲೇ ನಿಂತುಬಿಟ್ಟೆ.

"ಸುಸ್ತಾಯ್ತಾ?" ಎಂದ ಮುನಿರಾಜು.

"ಇಲ್ಲ ಕಣೋ. ನೀರು ನೋಡು."

ಎದುರಿನ ದಡದಲ್ಲಿ ಕಡಿದ ಬಂಡೆ ಗೋಡೆಯ ಹಾಗೆ ಎದ್ದು ನಿಂತಿತ್ತು. ಕಲ್ಲು ಸೀಳಲು ಉಳಿಯಿಂದ ಹೊಡೆದ ತೂತುಗಳ ಸಾಲು ಅದರ ಮೇಲೆ ಇನ್ನೂ ಹಾಗೇ ಇತ್ತು. ಮೇಲಂಚಿನಲ್ಲಿ ನೀರುಕಾಗೆಗಳು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿದ್ದವು. ಜೊಂಡಿನ ಬುಡದಿಂದ ಒಂದು ಪುಟ್ಟ ಗುಳುಮುಳುಕ ಹಕ್ಕಿ ಹೊರಬಂದು, ನಮ್ಮನ್ನು ನೋಡಿ, ಫಕ್ಕನೆ ಮುಳುಗಿ ಎಲ್ಲೋ ದೂರದಲ್ಲಿ ಎದ್ದಿತು. ನಾನು ನಕ್ಕೆ. ಬಹಳ ದಿನದ ಮೇಲೆ ನಕ್ಕಿದ್ದೆ ಎಂದು ಕಾಣುತ್ತದೆ, ತಮ್ಮ ತಿರುಗಿ ನೋಡಿದ.

ನಾವು ನೀರಿಗೆ ಇಳಿಯುತ್ತಿದ್ದ ಜಾಗ ಯಾವುದು ಎಂದು ಇಬ್ಬರಿಗೂ ಜಗಳವಾಯಿತು. ಅವನು ನೀಲಗಿರಿ ಮರವಿದ್ದ ಕಡೆ ಎಂದ. ಅಲ್ಲ, ಅಮ್ಮ ಬಟ್ಟೆ ಒಗೆಯುತ್ತಿದ್ದ ಚಪ್ಪಟೆ ಬಂಡೆಯ ಪಕ್ಕ ಎಂದೆ ನಾನು. ಅದನ್ನು ಹುಡುಕಿಕೊಂಡು ಅರ್ಧ ಸುತ್ತು ಬಂದೆವು. ಬಂಡೆ ಸಿಕ್ಕಿತು, ಮುಕ್ಕಾಲು ಭಾಗ ನೀರಿನೊಳಗೆ, ಮೇಲೆ ಒಂದು ಆಮೆ ಬಿಸಿಲು ಕಾಯುತ್ತಾ ಕೂತಿತ್ತು. ಮುನಿರಾಜು ಹತ್ತಿರ ಹೋಗಲು ದಾರಿಯಂಚಿಗೆ ಕಟ್ಟಿದ್ದ ಹಗ್ಗ ಎತ್ತಿದ. ಕಾವಲುಗಾರ ದೂರದಿಂದಲೇ ಕೂಗಿದ.

"ಸಾರ್, ಆ ಕಡೆ ಹೋಗ್ಬೇಡಿ, ಗೂಡು ಕಟ್ಟಿವೆ."

"ನಾವು ಇಲ್ಲೇ ಈಜು ಕಲ್ತೋರು ಕಣಪ್ಪ" ಎಂದ ಮುನಿರಾಜು.

"ಈ ಕೆರೇಲಾ?"

"ಇದು ಕೆರೆಯಲ್ಲ, ಕ್ವಾರಿ."

ಕಾವಲುಗಾರ ನಂಬಲಿಲ್ಲ. ಪಕ್ಕದ ಸಿಮೆಂಟ್ ಬೆಂಚಿನಲ್ಲಿ ಕೂತೆವು. ಅಪ್ಪನ ಹಗ್ಗ, ಲಾರಿಯ ಟ್ಯೂಬು, ಒದ್ದೆ ಲಂಗ ಬೇಲಿಯ ಮೇಲೆ ಒಣಗಿಸಿ ಅಮ್ಮನಿಗೆ ಗೊತ್ತಾಗದಂತೆ ಮನೆಗೆ ಹೋಗುತ್ತಿದ್ದದ್ದು, ಎಲ್ಲ ಮಾತಾಡಿದೆವು. ಅಮ್ಮನಿಗೆ ಗೊತ್ತಿರುತ್ತಿತ್ತು, ಕೂದಲು ಒದ್ದೆ ಇರುತ್ತಿತ್ತಲ್ಲ ಎಂದು ಅವನು ನೆನಪಿಸಿದ. ಬಿಸಿಲೇರಿತು. ಅವನು ಚೀಲದಿಂದ ನೀರಿನ ಬಾಟಲಿ ತೆಗೆದವನು ನನ್ನನ್ನು ನೋಡಿ ಮತ್ತೆ ಒಳಗಿಟ್ಟ.

"ಕುಡಿಯೋ. ನಂಗೇನೂ ಆಗಲ್ಲ."

ಕುಡಿಯಲಿಲ್ಲ. ತಲೆ ಬಗ್ಗಿಸಿ ಕೂತ.

"ಯಾಕೋ ಬರೋದು ಬಿಟ್ಟೆ?" ಎಂದು ಆಗ ಕೇಳಿದೆ. "ಕೊಡೋಕಾಗ್ಲಿಲ್ಲ ಅಂತ ನಾನೇನಾದ್ರೂ ಅಂದ್ನಾ?"

"ಅದಲ್ಲಕ್ಕ." ಕಾಲ ಬುಡದ ಜಲ್ಲಿ ಕಲ್ಲನ್ನು ಚಪ್ಪಲಿಯಿಂದ ಅತ್ತಿತ್ತ ಮಾಡಿದ. "ಡಾಕ್ಟ್ರು ಶುಗರ್ ಅಂತ ಮಾತ್ರ ಹೇಳ್ಲಿಲ್ಲ. ಯೂರಿನ್‌ನಲ್ಲಿ ಪ್ರೋಟೀನ್ ಹೋಗ್ತಿದೆ, ನಿಮ್ಮ ಕಿಡ್ನೀಗೂ ಏಟು ಬೀಳೋಕೆ ಶುರುವಾಗಿದೆ ಅಂದ್ರು. ಸುಮಿತ್ರಂಗೂ ಹೇಳಿಲ್ಲ."

"ಮಾತ್ರೆ ತಗೋತಿದ್ದೀಯಾ?"

ಅವನು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ.

"ಮುನಿ, ಮಾತ್ರೆ ತಗೋತಿದ್ದೀಯಾ?"

"ಇಲ್ಲ. ಆಮೇಲೆ ಹೋಗೇ ಇಲ್ಲ ಅಲ್ಲಿಗೆ." ಅವನ ದನಿ ಸಣ್ಣದಾಯಿತು. "ಒಂದಿನ ನಿನ್ನ ನೋಡೋಣ ಅಂತ ಬಂದಿದ್ದೆ. ಬಾಗಿಲ ಗಾಜಲ್ಲಿ ನೋಡ್ದೆ. ನೀನು ಕಣ್ಮುಚ್ಕೊಂಡು ಮಲಗಿದ್ದೆ, ಪೈಪಲ್ಲಿ ರಕ್ತ ಓಡ್ತಿತ್ತು. ನಂಗೆ ಅಲ್ಲಿ ಮಲಗಿರೋದು ನಾನೇ ಅನ್ನಿಸ್ಬಿಡ್ತು ಅಕ್ಕ. ಮೆಟ್ಟಿಲಿಳಿದು ಓಡ್ಹೋದೆ."

ನಿಜ ಹೇಳಬೇಕೆಂದರೆ ನನಗೆ ಮೊದಲು ಬಂದದ್ದು ಸಿಟ್ಟು. ಅಷ್ಟು ತಿಂಗಳು ಮಾತ್ರೆಯಿಲ್ಲದೆ ತಿರುಗಿದ್ದಾನೆ. ನಾನು ಏನೂ ತಿಳಿಯದೆ ಮಾಡಿಕೊಂಡದ್ದನ್ನು ಇವನು ತಿಳಿದೂ ಮಾಡಿಕೊಳ್ಳುತ್ತಿದ್ದಾನೆ. ಬೈಯಲು ಅವನ ಕಡೆ ತಿರುಗಿದೆ. ಕಣ್ಣೀರು ಮೂಗಿನ ತುದಿಗೆ ಬಂದು ನಿಂತಿತ್ತು, ಒರೆಸಿಕೊಂಡೂ ಇರಲಿಲ್ಲ. ಆ ಬಂಡೆಯ ಮೇಲೆ ಚಡ್ಡಿಯಲ್ಲಿ ನಡುಗುತ್ತಾ ನಿಂತು, ಇಳಿಯಲ್ಲ ಅಂದರೆ ಇಳಿಯಲ್ಲ ಎನ್ನುತ್ತಿದ್ದ ಹುಡುಗನ ಮುಖ ಅದೇ. ಆಗಲೂ ತಳ್ಳಿದರೆ ಅವನು ಇಳಿಯುತ್ತಿರಲಿಲ್ಲ. ನಾನು ಮೊದಲು ಇಳಿದು, ನೀರು ಎಲ್ಲಿಯವರೆಗೆ ಬರುತ್ತದೆ ಎಂದು ನಿಂತು ತೋರಿಸಬೇಕಿತ್ತು.

"ಅಲ್ಲಿ ಏನೇನಾಗುತ್ತೆ ಅಂತ ಹೇಳ್ತೀನಿ, ಕೇಳು" ಎಂದೆ.

ಎಲ್ಲ ಹೇಳಿದೆ. ಸೂಜಿ ಎಷ್ಟು ನೋಯುತ್ತದೆ, ಎಷ್ಟು ಹೊತ್ತು ನೋಯುತ್ತದೆ. ಚಳಿ, ಕಾಲಿನ ಸೆಳೆತ. ಬಾಯಾರಿಕೆ. ಟಿ.ವಿ.ಯಲ್ಲಿ ಯಾವ ಧಾರಾವಾಹಿ ಹಾಕಬೇಕೆಂದು ರೋಗಿಗಳ ನಡುವೆ ನಡೆಯುವ ಜಗಳ. ಶೈಲಾಳ ಲವಂಗದ ಡಬ್ಬಿ. ಮನೆಗೆ ಬಂದ ಮೇಲೆ ಬರುವ, ಸತ್ತಂಥ ನಿದ್ದೆ. ಅವನು ನಡುವೆ ನಡುವೆ ಪ್ರಶ್ನೆ ಕೇಳಿದ, ಚಿಕ್ಕ ಚಿಕ್ಕ ಪ್ರಶ್ನೆಗಳು. ರಕ್ತ ಹೊರಗೆ ಹೋಗುವುದು ಮೈಗೆ ಗೊತ್ತಾಗುತ್ತದಾ, ಮಗ್ಗುಲು ಬದಲಾಯಿಸಬಹುದಾ, ಹೀಗೆ.

"ಆದ್ರೆ ನೀನು ಅಲ್ಲಿಗೆ ಬಂದೇ ಬರ್ಬೇಕು ಅಂತೇನಿಲ್ಲ. ನಂಗೆ ಯಾರೂ ಮೊದ್ಲೇ ಹೇಳ್ಲಿಲ್ಲ ಕಣೋ. ನಿಂಗೆ ಹೇಳಿದ್ದಾರೆ" ಎಂದೆ. "ಮಂಗಳವಾರ ಡಾಕ್ಟ್ರ ಹತ್ರ ಹೋಗೋಣ. ನಾನೂ ಬರ್ತೀನಿ. ಅದಕ್ಕೆ ಮೊದ್ಲು ಸುಮಿತ್ರಂಗೆ ಹೇಳು."

ಅವನು ಬಾಟಲಿ ತೆಗೆದು ನೀರು ಕುಡಿದ. ನಾನು ನೋಡುತ್ತಾ ಕೂತೆ. ಅವನ ಗಂಟಲು ಮೇಲೆ ಕೆಳಗೆ ಆಡುತ್ತಿದ್ದದ್ದು ನೋಡಿ ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಅದು ನನಗೇ ಆಶ್ಚರ್ಯ.

ಮಂಗಳವಾರ ಅದೇ ಆಸ್ಪತ್ರೆಯ ಕೆಳಗಿನ ಮಹಡಿಯಲ್ಲಿ ಡಾಕ್ಟರಿಗಾಗಿ ಕಾದೆವು. ಅವನ ಒಂದು ಪಕ್ಕ ಸುಮಿತ್ರ, ಒಂದು ಪಕ್ಕ ನಾನು. ಸುಮಿತ್ರಳ ಕಣ್ಣು ಅತ್ತು ಊದಿತ್ತು. ಆದರೂ ಅವನ ಹಳೆಯ ರಿಪೋರ್ಟುಗಳನ್ನೆಲ್ಲ ಹುಡುಕಿ ತಂದಿದ್ದಳು. ದಾರಿಯಲ್ಲಿ ಹೋಗುತ್ತಿದ್ದ ನಮ್ಮ ಮೇಲಿನ ಮಹಡಿಯ ನರ್ಸ್ ನನ್ನನ್ನು ನೋಡಿ ಗಾಬರಿಯಾದಳು.

"ಏನ್ ಸರೋಜಮ್ಮ, ಇವತ್ತು ನಿಮ್ದಿಲ್ವಲ್ಲ? ಹುಷಾರಿಲ್ವಾ?"

"ಇವತ್ತು ನಾನು ಪೇಷಂಟ್ ಅಲ್ಲ ಸಿಸ್ಟರ್. ತಮ್ಮನ ಜೊತೆ ಬಂದಿದ್ದೀನಿ" ಎಂದೆ. ಹಾಗೆ ಹೇಳುವಾಗ ಬೆನ್ನು ತಾನಾಗಿ ನೆಟ್ಟಗಾಯಿತು.

ಡಾಕ್ಟರು ಅವನನ್ನು ಚೆನ್ನಾಗಿ ಬೈದರು. ಆಮೇಲೆ, ಇನ್ನೂ ಕೈ ಮೀರಿಲ್ಲ, ಮಾತ್ರೆ ತಪ್ಪಿಸದೆ, ಬಾಯಿ ಕಟ್ಟಿ, ಹೇಳಿದಾಗ ಬಂದು ತೋರಿಸಿದರೆ ಬಹಳ ಕಾಲ ಹೀಗೇ ಹಿಡಿದಿಡಬಹುದು ಎಂದರು. ಈಗ ಒಂದು ವರ್ಷದ ಮೇಲಾಯಿತು, ಹಿಡಿದಿದೆ. ನನ್ನ ಹೆಸರಿಗೆ ಇನ್ನೂ ಕರೆ ಬಂದಿಲ್ಲ. ಬಂದರೆ ಬರಲಿ. ಮೆಷಿನ್ನಿನ ಜೊತೆ ಬದುಕು ನಡೆಯುತ್ತಿದೆ, ಅಂಗಡಿಯೂ ನಡೆಯುತ್ತಿದೆ.

ಆ ಮಂಗಳವಾರ ಆಸ್ಪತ್ರೆಯಿಂದ ಹೊರಗೆ ಬಂದು ಸ್ಕೂಟರಿನ ಹತ್ತಿರ ನಿಂತಾಗ ಮುನಿರಾಜು ಕೇಳಿದ, "ಅಕ್ಕ, ನಿಂಗೆ ಭಯ ಆಗಲ್ವಾ?"

"ಆಗುತ್ತೆ."

"ಏನ್ಮಾಡ್ತೀಯಾ ಮತ್ತೆ?"

"ಏನಿಲ್ಲ. ನಾಳೆ ಬುಧವಾರ. ಬೆಳಿಗ್ಗೆ ಎದ್ದು ಹೋಗ್ತೀನಿ."

ಮಾರನೆಯ ದಿನ ಬೆಳಿಗ್ಗೆ ಅವನೇ ಬಂದು ನನ್ನನ್ನು ಕರೆದುಕೊಂಡು ಹೋದ. ಹೊರಗೆ ಕೂರುತ್ತಾನೆ ಎಂದುಕೊಂಡಿದ್ದೆ. ನರ್ಸನ್ನು ಕೇಳಿ ಒಳಗೆ ಬಂದ. ಸೂಜಿ ಹಾಕುವಾಗ ನೆಲ ನೋಡಿದ, ಆಮೇಲೆ ಟಿ.ವಿ. ನೋಡಿದ. ಶೈಲಾ ಅವನನ್ನು ಗಮನಿಸಿ, "ಕೂಡ್ರಿ ಅಣ್ಣಾರ, ಮೊದಲ್ನೇ ದಿನ ಎಲ್ಲಾರೂ ಹಿಂಗ" ಎಂದಳು. ಮೆಷಿನ್ ಸುತ್ತಲು ಶುರುವಾಗಿ ಸ್ವಲ್ಪ ಹೊತ್ತಾದ ಮೇಲೆ, ನಿಧಾನವಾಗಿ, ನನ್ನ ಕೈಯಿಂದ ಹೊರಟ ಪೈಪಿನಗುಂಟ ಅವನ ಕಣ್ಣು ಮೆಷಿನ್ನಿನವರೆಗೂ ಹೋಗಿ, ಇನ್ನೊಂದು ಪೈಪಿನಲ್ಲಿ ನನ್ನ ಕೈಗೆ ವಾಪಸು ಬಂತು.

"ನೋಯ್ತಿದ್ಯಾ?"

"ಈಗ ಇಲ್ಲ."

ಅವನು ಸ್ಟೂಲನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡ.